ಬಳೆ ಬೋರ್ಡಿನ ಕುಷ್ಟ

ರಾಜೇಂದ್ರ ಶೆಟ್ಟರು ಆಡಿದ ಒಂದು ಮಾತನ್ನು ಕುಷ್ಟ ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ.

"ಐದ್ನೇ ಕ್ಲಾಸ್ ಕಲ್ತವ ಬಳಿ ನೇಲ್ಸಿ ಹದ್ನಾಕ್ ವರ್ಷ ನಂಗೆ ಸುಳ್ ಕಾಣ್ಸಿದ. ನಾನೂ ಮಂಗನಾಂಗೆ ಕಂಡ್ಕಂಡ್ ಕೂಕಂಡೆ."

ಬೈದಿದ್ದರೆ ಆಗುತ್ತಿತ್ತು. ಬೈಗುಳಕ್ಕೆ ಬೈಗುಳ ಕೊಟ್ಟು ಸಂಜೆಯೊಳಗೆ ಮರೆತುಬಿಡುವ ಮನುಷ್ಯ ಅವನು. ಶೆಟ್ಟರು ಬೈಯಲಿಲ್ಲ. ಚಾದ ಲೋಟ ಹಿಡಿದುಕೊಂಡು, ನಗುತ್ತಾ, ಬ್ರಹ್ಮಾವರದಿಂದ ಬಂದ ಇಪ್ಪತ್ತನಾಲ್ಕು ವರ್ಷದ ಒಬ್ಬ ಹುಡುಗಿಯ ಮುಂದೆ ಹಾಗೆಂದರು. ಆ ನಗು ಕುಷ್ಟನಿಗೆ ಈಗಲೂ ಒಮ್ಮೊಮ್ಮೆ ಊಟದ ನಡುವೆ ನೆನಪಾಗುತ್ತದೆ. ಆಗ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ವಾಪಸು ಹಾಕಿ ಎದ್ದುಬಿಡುತ್ತಾನೆ. ಹೆಂಡತಿ ಚಂದ್ರಮತಿ ಏನೂ ಕೇಳುವುದಿಲ್ಲ. ಅವಳಿಗೆ ಗೊತ್ತು. ಗೊತ್ತಿದ್ದೂ ಅವಳು ಸಮಾಧಾನದ ಒಂದು ಮಾತೂ ಹೇಳದಿರುವುದಕ್ಕೆ ಬೇರೆ ಕಾರಣವಿದೆ.

ಕುಷ್ಟ ತಲ್ಲೂರಿನವನು. ಐದನೇ ಕ್ಲಾಸು ಮುಗಿಸಿ ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಹೋದವನು, ಅಲ್ಲಿ ಒಂದು ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ ದುಡಿದ. ಕಪ್ಪು ತೊಳೆದ, ಟೇಬಲ್ಲು ಒರೆಸಿದ, ಕೊನೆಗೆ ಅಡುಗೆಯೊಳಗೆ ನಿಂತ. ೧೯೯೭ರಲ್ಲಿ ಮ್ಯಾನೇಜರನ ಮೇಲೆ ಸೌಟು ಎತ್ತಿದ್ದಕ್ಕೆ ಊರಿಗೆ ಬರಬೇಕಾಯಿತು. ಸೌಟು ಎತ್ತಿದ್ದಷ್ಟೇ, ಹೊಡೆಯಲಿಲ್ಲ ಎಂದು ಅವನು ಈಗಲೂ ಸಾಧಿಸುತ್ತಾನೆ.

ಆ ಕ್ಯಾಂಟೀನಿನಿಂದ ಅವನು ತಂದದ್ದು ಒಂದೇ ಒಂದು ವಿದ್ಯೆ. ಅಡುಗೆಮನೆಯ ಗೋಡೆಗೆ ಒಂದು ಹಲಗೆ, ಹಲಗೆಗೆ ಟೇಬಲ್ಲಿಗೊಂದರಂತೆ ಮೊಳೆ. ಯಾವ ಟೇಬಲ್ಲಿಗೆ ಏನು ಬೇಕೋ ಆ ಬಣ್ಣದ ಬಿಲ್ಲೆಯನ್ನು ಆ ಮೊಳೆಗೆ ಸಿಕ್ಕಿಸುತ್ತಿದ್ದರು. ಅಡುಗೆಯವನು ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ತಲೆ ಎತ್ತಿದರೆ ಸಾಕು, ಎಲ್ಲಿ ಕೆಲಸ ನಿಂತಿದೆ, ಯಾರು ಕಾಯುತ್ತಿದ್ದಾರೆ, ಎಲ್ಲ ಗೋಡೆಯಲ್ಲಿ ಕಾಣುತ್ತಿತ್ತು.

ಅದೇ ವರ್ಷ ರಾಜೇಂದ್ರ ಶೆಟ್ಟರು ತಲ್ಲೂರಿನಲ್ಲಿ ಹೈವೇಯ ಪಕ್ಕ ಗೇರುಬೀಜದ ಕಾರ್ಖಾನೆ ಶುರು ಮಾಡಿದ್ದರು. ಗದ್ದೆ ಇದ್ದ ಮನೆತನ, ದೊಡ್ಡಪ್ಪಂದಿರು ಹೋಟೆಲಿನವರು. ಮಗಳ ಹೆಸರನ್ನು ಕಾರ್ಖಾನೆಗೆ ಇಟ್ಟು ದೊಡ್ಡ ಬೋರ್ಡು ಹಾಕಿಸಿದ್ದರೂ ಊರಿನವರಿಗೆ ಅದು ಬೀಜದ ಫ್ಯಾಕ್ಟರಿಯೇ. ಕುಷ್ಟನಿಗೆ ಅಲ್ಲಿ ತೂಕದ ಕಾಂಟಾದ ಹತ್ತಿರ ಕೆಲಸ ಸಿಕ್ಕಿತು.

ಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸಬೇಕು, ಚಿಪ್ಪು ಒಡೆಯಬೇಕು, ತಿರುಳನ್ನು ಬೋರ್ಮದಲ್ಲಿ, ಎಂದರೆ ಬಿಸಿಗಾಳಿಯ ಕೋಣೆಯಲ್ಲಿ, ಒಣಗಿಸಬೇಕು. ಆಮೇಲೆ ತಿರುಳಿಗೆ ಅಂಟಿದ ಕೆಂಪು ಸಿಪ್ಪೆಯನ್ನು ಸುಲಿಯಬೇಕು. ಸುಲಿಯುವ ಶೆಡ್ಡಿನಲ್ಲಿ ಅರವತ್ತೆರಡು ಹೆಂಗಸರು. ಸಣ್ಣ ಚೂರಿ, ಉಗುರು, ಕಣ್ಣು, ಇಷ್ಟರಲ್ಲೇ ಕೆಲಸ. ತಿರುಳು ಇಡಿಯಾಗಿ ಬಂದರೆ ಚಿನ್ನ, ತುಂಡಾದರೆ ಅರ್ಧಕ್ಕರ್ಧ ಬೆಲೆ.

ಶೆಟ್ಟರು ದಿನಕ್ಕೊಮ್ಮೆ ಕುಂದಾಪುರದಿಂದ ಬಂದು ಲೆಕ್ಕದ ಪುಸ್ತಕ ತಿರುಗಿಸುತ್ತಿದ್ದರು. ಎಷ್ಟು ತಿರುಗಿಸಿದರೂ ಅವರಿಗೆ ಎಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿದೆ, ಯಾರ ಕೈಯಲ್ಲಿ ಹೆಚ್ಚು ಒಡೆಯುತ್ತದೆ ಎನ್ನುವುದು ಹೊಳೆಯುತ್ತಿರಲಿಲ್ಲ. ಕುಷ್ಟ ನಾಲ್ಕು ತಿಂಗಳು ನೋಡಿದ. ಆಮೇಲೆ ಒಂದು ಪ್ಲೈವುಡ್ ಹಲಗೆ, ಒಂದು ಡಬ್ಬಿ ಕಪ್ಪು ಪೇಂಟು, ಅರ್ಧ ಕಿಲೋ ಮೊಳೆ ಕೇಳಿದ. ಶೆಟ್ಟರು ಏನಕ್ಕೆ ಎಂದರು. ಮೊದಲು ಕೊಡಿ, ಆಮೇಲೆ ಕೇಳಿ ಎಂದ. ಅವನ ಮಾತಿನ ಧಾಟಿಯೇ ಹಾಗೆ.

ಹಲಗೆಯ ಮೇಲಿನ ಅರ್ಧದಲ್ಲಿ ಬೇಯಿಸುವುದು, ಒಡೆಯುವುದು, ಬೋರ್ಮ, ಸುಲಿಯುವುದು, ಹೀಗೆ ಒಂದೊಂದು ಕೆಲಸಕ್ಕೂ ಒಂದು ಸಾಲು. ಎಷ್ಟು ಡಬ್ಬಿ ಮುಂದಕ್ಕೆ ಹೋಯಿತೋ ಅಷ್ಟು ಮರದ ಗೂಟ ಮುಂದೆ. ಬೋರ್ಮದ ಗೂಟ ಹಿಂದೆ ನಿಂತರೆ ಅಲ್ಲೇನೋ ತೊಂದರೆ ಎಂದು ಶೆಟ್ಟರಿಗೆ ಶೆಡ್ಡಿನ ಬಾಗಿಲಲ್ಲಿ ನಿಂತ ಕೂಡಲೇ ಗೊತ್ತಾಗಬೇಕು. ಕೆಳಗಿನ ಅರ್ಧದಲ್ಲಿ ಅರವತ್ತೆರಡು ಮೊಳೆ. ಹೆಂಗಸರಲ್ಲಿ ಓದು ಬಾರದವರು ಅರ್ಧಕ್ಕಿಂತ ಹೆಚ್ಚು ಇದ್ದುದರಿಂದ ಹೆಸರಿನ ಬದಲು ಅವರವರಿಗೆ ಬೇಕಾದ ಚಿತ್ರ. ಒಬ್ಬಳಿಗೆ ತೆಂಗಿನಕಾಯಿ, ಒಬ್ಬಳಿಗೆ ಕೊಡೆ. ಬೈಂದೂರಿನಿಂದ ಬಸ್ಸಿನಲ್ಲಿ ಬರುವವಳೊಬ್ಬಳು ಬಸ್ಸನ್ನೇ ಕೇಳಿದಳು. ಗಿರಿಜಾ ಬಂಗುಡೆ ಮೀನು ಕೇಳಿದಳು. ಕುಷ್ಟ ಬರೆದದ್ದು ತೊಂಡೆಕಾಯಿಗೆ ಬಾಲ ಬಂದ ಹಾಗಿತ್ತು. ಇದನ್ನು ಸಾರು ಮಾಡಬೇಕೋ ಪಲ್ಯ ಮಾಡಬೇಕೋ ಎಂದು ಹೆಂಗಸರು ಒಂದು ವಾರ ನಕ್ಕರು.

ಮೊಳೆಗೆ ಸಿಕ್ಕಿಸಲು ಅವನು ಕುಂದಾಪುರದ ಬಳೆಯಂಗಡಿಯಿಂದ ಪ್ಲಾಸ್ಟಿಕ್ ಬಳೆ ತಂದ. ದಿನದ ತೂಕ ಏಳು ಕಿಲೋ ದಾಟಿ, ಇಡಿ ತಿರುಳು ಹೆಚ್ಚಿದ್ದರೆ ಹಸಿರು ಬಳೆ. ಸ್ವಲ್ಪ ಕಡಿಮೆಯಾದರೆ ಹಳದಿ. ತೀರಾ ಕಡಿಮೆಯಾದರೆ ಕೆಂಪು.

ಗಿರಿಜಾ ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಗಂಗೊಳ್ಳಿಯ ಕಡೆ ದೋಣಿ ಮಗುಚಿ ಹೋದವನ ಹೆಣವೂ ಸಿಗಲಿಲ್ಲ. ಮಕ್ಕಳಿಲ್ಲ. ಬೋರ್ಡು ನೇತುಹಾಕಿದ ಮೊದಲ ಸಂಜೆ ಅವಳು ಅದರ ಮುಂದೆ ನಿಂತು ತನ್ನ ಬಂಗುಡೆಯ ಮೇಲಿದ್ದ ಬಳೆಯನ್ನು ತುಂಬಾ ಹೊತ್ತು ನೋಡಿದಳು.

"ಇಪ್ಪತ್ ವರ್ಷ ಆಯ್ತ್. ನಂಗೆ ಹಸ್ರ್ ಬಳಿ ಹಾಕ್ದವ ನೀನೊಬ್ನೆ ಕಾಣ್, ಕುಷ್ಟ" ಎಂದು ನಕ್ಕಳು.

ಎಲ್ಲರೂ ನಕ್ಕರು. ಕುಷ್ಟನಿಗೆ ಮಾತ್ರ ಕಣ್ಣು ಚುರ್ ಎಂದಿತು. ಅದನ್ನು ಮರೆಸಲಿಕ್ಕೆ, ಬಸ್ಸು ತಪ್ಪಿದರೆ ನನ್ನನ್ನು ಕೇಳಬೇಡಿ ಎಂದು ಎಲ್ಲರ ಮೇಲೂ ಹರಿಹಾಯ್ದ.

ಬೋರ್ಡು ಬಂದ ಮೇಲೆ ಒಂದು ಕಟ್ಟಳೆಯೂ ಬಂತು. ತಿಂಗಳಿಡೀ ಕೆಂಪು ಬಳೆ ನಿಂತರೆ ಆ ಹೆಂಗಸಿನ ಜಾಗ ಬೇರೆಯವರಿಗೆ. ಗೇಟಿನ ಹೊರಗೆ ಕೆಲಸಕ್ಕೆ ಕಾಯುವವರು ಯಾವತ್ತೂ ಇದ್ದರು. ಆದರೆ ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಮೊಳೆಯ ಮೇಲೂ ಕೆಂಪು ಒಂದು ತಿಂಗಳು ನಿಲ್ಲಲಿಲ್ಲ. ಬೋರ್ಡಿನ ಹೆದರಿಕೆಗೆ ಹೆಂಗಸರು ಚೆನ್ನಾಗಿ ದುಡಿಯುತ್ತಾರೆ ಎಂದು ಶೆಟ್ಟರು ಬಂದವರಿಗೆಲ್ಲ ತೋರಿಸಿ ಹೇಳುತ್ತಿದ್ದರು. ಕೋಟದಿಂದ, ಕಾರ್ಕಳದಿಂದ ಬೇರೆ ಫ್ಯಾಕ್ಟರಿಯವರು ಬಂದು ನೋಡಿ ಹೋದರು. ಬಳೆ ಬೋರ್ಡಿನ ಕುಷ್ಟ ಎಂದೇ ಅವನಿಗೆ ಹೆಸರು ಬಿತ್ತು. ಆ ಹೆಸರು ಅವನಿಗೆ ಇಷ್ಟವೇ ಇತ್ತು.

ಕೆಂಪು ಏಕೆ ನಿಲ್ಲುವುದಿಲ್ಲ ಎನ್ನುವುದು ಶೆಡ್ಡಿನವರಿಗೂ ಕುಷ್ಟನಿಗೂ ಗೊತ್ತಿತ್ತು. ಅದು ಮುಯ್ಯಿ.

ಈ ಕಡೆ ಭತ್ತದ ನಟ್ಟಿಯ ಕಾಲದಲ್ಲಿ ಹೆಂಗಸರು ಮುಯ್ಯಿ ಕೊಡುತ್ತಾರೆ. ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ. ಆಳಿಗೆ ಆಳು, ದಿನಕ್ಕೆ ದಿನ. ಅದಕ್ಕೆ ಪುಸ್ತಕವಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಗದ್ದೆ ಬಿಟ್ಟು ಶೆಡ್ಡಿಗೆ ಬಂದ ಹೆಂಗಸರು ಮುಯ್ಯಿಯನ್ನೂ ತಂದರು. ಒಬ್ಬಳಿಗೆ ಜ್ವರ ಬಂದರೆ, ಒಬ್ಬಳ ಬೆರಳಿಗೆ ಚೂರಿ ತಾಗಿದರೆ, ಸಂಜೆ ತೂಕಕ್ಕೆ ಮೊದಲು ಸುತ್ತಮುತ್ತಲಿನವರು ಅವಳ ಟ್ರೇಗೆ ತಮ್ಮ ತಮ್ಮ ಟ್ರೇಯಿಂದ ಒಂದೊಂದು ಬೊಗಸೆ ತಿರುಳು ಹಾಕುತ್ತಿದ್ದರು. ಕೈ ಸರಿಯಾದ ಮೇಲೆ ಅವಳು ಬೊಗಸೆಗೆ ಬೊಗಸೆ ತೀರಿಸುತ್ತಿದ್ದಳು. ಶೆಟ್ಟರಿಗೆ ಒಂದು ತಿರುಳೂ ಕಡಿಮೆಯಾಗುತ್ತಿರಲಿಲ್ಲ. ಬಳೆಯ ಬಣ್ಣವಷ್ಟೇ ಅತ್ತಿತ್ತ ಆಗುತ್ತಿತ್ತು.

ಕುಷ್ಟ ಅದಕ್ಕೆ ತನ್ನದೊಂದು ದಾರಿ ಮಾಡಿಕೊಂಡಿದ್ದ. ಮೂರೂ ಮುಕ್ಕಾಲಿಗೆ ಕಾಂಟಾ ಬಿಟ್ಟು ಗೇಟಿನ ಪಕ್ಕದ ಗೂಡಂಗಡಿಗೆ ಚಾ ಕುಡಿಯಲು ಹೋಗುವುದು, ಹತ್ತು ನಿಮಿಷ ಬಿಟ್ಟು ಬಾಗಿಲಲ್ಲಿ ಒಂದು ಸಲ ಕೆಮ್ಮಿ ಒಳಗೆ ಬರುವುದು. ಹದಿನಾಲ್ಕು ವರ್ಷ ಅವನು ಕೆಮ್ಮದೆ ಆ ಶೆಡ್ಡಿನೊಳಗೆ ಸಂಜೆ ಕಾಲಿಟ್ಟದ್ದಿಲ್ಲ.

೧೯೯೯ರಲ್ಲಿ ಮುಯ್ಯಿ ಅವನ ಮನೆಗೇ ಬಂತು. ಚಂದ್ರಮತಿಯೂ ಅದೇ ಶೆಡ್ಡಿನಲ್ಲಿ ಸುಲಿಯುತ್ತಿದ್ದಳು, ಗಿರಿಜಾಳ ಬಲಗಡೆಯ ಜಾಗ. ಮಗಳು ಚೇತನಾ ಹೊಟ್ಟೆಯಲ್ಲಿದ್ದಾಗ ಅವಳ ಕೈಕಾಲು ಊದಿಕೊಂಡವು, ಬೆರಳು ಮಡಚಲಿಕ್ಕೆ ಬರುತ್ತಿರಲಿಲ್ಲ. ಜಾಗ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಗಿರಿಜಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಮಧ್ಯಾಹ್ನ ಗಂಜಿಯ ಹೊತ್ತನ್ನೂ ಬಿಟ್ಟು, ತನ್ನದನ್ನೂ ಚಂದ್ರಮತಿಯದನ್ನೂ ಸುಲಿದಳು. ಉಳಿದವರೂ ಹಾಕಿದರು, ಆದರೆ ಹೆಚ್ಚಿನ ಪಾಲು ಗಿರಿಜಾಳದು. ನಾಲ್ಕೂವರೆ ತಿಂಗಳು ಚಂದ್ರಮತಿ ಶೆಡ್ಡಿಗೆ ಬಂದು ಸುಮ್ಮನೆ ಕುಳಿತು ಹೋದಳು. ಅವಳ ಮೊಳೆಯ ಬಳೆ ಹಸಿರೇ ಇತ್ತು. ಆ ಬಳೆಯನ್ನು ದಿನಾ ಸಿಕ್ಕಿಸಿದವನು ಕುಷ್ಟನೇ.

ಬಾಣಂತನ ಮುಗಿಸಿ ಬಂದ ಚಂದ್ರಮತಿ ತೀರಿಸಲು ಹೋದರೆ ಗಿರಿಜಾ ಟ್ರೇಯ ಮೇಲೆ ಕೈ ಅಡ್ಡ ಹಿಡಿದಳು. ನಿನಗೆ ಮಗು ಉಂಟು, ನಿನ್ನ ಬೆರಳು ನಿನಗಿರಲಿ ಎಂದಳು.

"ನಂಗೂ ಒಂದ್ ಕಾಲ ಬತ್ತ್. ಆಗ ತಕಂತೆ."

ಆ ಕಾಲ ಬಂದದ್ದು ೨೦೦೯ರ ಸುಮಾರಿಗೆ. ಗಿರಿಜಾಳ ಕಣ್ಣಿಗೆ ಪೊರೆ ಕಟ್ಟಿತು. ಶಿಬಿರದಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು, ಸರಿ ಬರಲಿಲ್ಲ. ಇನ್ನೊಂದಕ್ಕೆ ಮುಟ್ಟುವುದೇ ಬೇಡ ಎಂದು ಅವಳು ಹಟ ಹಿಡಿದಳು. ಬೆರಳಿನ ಸ್ಪರ್ಶದಲ್ಲೇ ಸುಲಿಯುತ್ತಿದ್ದಳು. ದಿನಕ್ಕೆ ಐದು ಕಿಲೋ ಆದರೆ ಹೆಚ್ಚು. ಚಂದ್ರಮತಿ ದಿನಾ ಎರಡು ಬೊಗಸೆ ಹಾಕತೊಡಗಿದಳು. ಉಳಿದವರೂ ಹಾಕುತ್ತಿದ್ದರು, ಗಿರಿಜಾಳಿಂದ ಒಂದಲ್ಲ ಒಂದು ಸಲ ಮುಯ್ಯಿ ತಗೊಳ್ಳದವರು ಆ ಶೆಡ್ಡಿನಲ್ಲಿ ಕಡಿಮೆ. ಎರಡು ವರ್ಷ ಹೀಗೆ ನಡೆಯಿತು. ಒಮ್ಮೆ ಕುಷ್ಟ ಮನೆಯಲ್ಲಿ, ಎಷ್ಟು ತೀರಿತು ಎಂದು ಕೇಳಿದ. ಚಂದ್ರಮತಿ ಮೀನು ಹೆಚ್ಚುತ್ತಿದ್ದವಳು ತಲೆ ಎತ್ತದೆ, ಅರ್ಧವೂ ಆಗಿಲ್ಲ ಎಂದಳು.

೨೦೧೧ರಲ್ಲಿ ಅನಿಷಾ ಬಂದಳು.

ಹೊರದೇಶದ ದೊಡ್ಡ ಗಿರಾಕಿಯೊಬ್ಬರು ಶೆಟ್ಟರಿಗೆ ಷರತ್ತು ಹಾಕಿದ್ದರಂತೆ. ಬೀಜ ಒಳಗೆ ಬಂದಲ್ಲಿಂದ ಡಬ್ಬಿ ಹೊರಗೆ ಹೋಗುವತನಕ ಪ್ರತಿ ಹಂತವೂ ಕಂಪ್ಯೂಟರಿನಲ್ಲಿ ಕಾಣಬೇಕು. ಬ್ರಹ್ಮಾವರದ ಒಂದು ಸಣ್ಣ ಕಂಪ್ಯೂಟರ್ ಕಂಪನಿಯವರು ಆ ಕೆಲಸಕ್ಕೆ ಅನಿಷಾಳನ್ನು ಕಳಿಸಿದರು. ಕುಷ್ಟ ಮೊದಲ ದಿನ ಅವಳ ಮುಖವನ್ನೂ ಸರಿ ನೋಡಲಿಲ್ಲ. ಅವಳು ಬಿಡಲಿಲ್ಲ. ಒಂದು ಸ್ಟೂಲು ತಂದು ಬೋರ್ಡಿನ ಮುಂದೆ ಅವನ ಪಕ್ಕದಲ್ಲೇ ಮೂರು ವಾರ ಕುಳಿತಳು. ಯಾವ ಗೂಟ ಯಾವಾಗ ಸರಿಸುತ್ತೀರಿ, ಹಳದಿ ಯಾವಾಗ ಹಾಕುತ್ತೀರಿ, ಬೋರ್ಮ ತಡವಾದರೆ ಮೊದಲು ಯಾರಿಗೆ ಹೇಳುತ್ತೀರಿ ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡಳು. ಅಷ್ಟು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಹಾಗೆ ಕೇಳಿದವರು ಯಾರೂ ಇರಲಿಲ್ಲ.

ಮೂರನೇ ವಾರದಲ್ಲಿ ಅವಳು ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದಳು. "ಇದ್ಕೇ ನಮ್ಮಲ್ಲಿ ಡ್ಯಾಶ್‌ಬೋರ್ಡ್ ಅಂಬುದ್, ಕುಷ್ಟಣ್ಣ. ನೀವ್ ಆಗ್ಳೇ ಮಾಡಿ ಇಟ್ಟಿರಿ. ನಾನ್ ಅದನ್ನ ಟೀವಿಗ್ ಹಾಕುದ್ ಅಷ್ಟೇ."

ಆ ದಿನ ಮನೆಯಲ್ಲಿ ಅವನು ಡ್ಯಾಶ್‌ಬೋರ್ಡ್ ಎನ್ನುವ ಶಬ್ದವನ್ನು ಮೂರು ಸಲ ಹೇಳಿದ. ಶಾಲೆಗೆ ಹೋಗುವ ಮಗಳು ಚೇತನಾ ನಕ್ಕಳು. ಅವನೂ ನಕ್ಕ.

ಅನಿಷಾಳಿಗೆ ಅವನು ಎಲ್ಲವನ್ನೂ ಹೇಳಿದ್ದ, ಮುಯ್ಯಿ ಒಂದನ್ನು ಬಿಟ್ಟು. ಬೇಕೆಂದೇ ಮುಚ್ಚಿಟ್ಟದ್ದಲ್ಲ. ಅದು ಕಾರ್ಖಾನೆಯ ಕೆಲಸದಲ್ಲಿ ಸೇರುತ್ತದೆ ಎಂದು ಅವನಿಗೆ ತೋಚಲೇ ಇಲ್ಲ.

ಹೊಸ ಕಾಂಟಾ ಬಂತು. ಒಬ್ಬೊಬ್ಬ ಹೆಂಗಸಿಗೂ ಒಂದು ನಂಬರಿನ ಕಾರ್ಡು. ಬೋರ್ಡು ಇದ್ದ ಗೋಡೆಯಲ್ಲಿ ದೊಡ್ಡ ಟೀವಿ, ಶೆಟ್ಟರ ಆಫೀಸಿನಲ್ಲಿ ಇನ್ನೊಂದು. ಬಣ್ಣ ಮಾತ್ರ ಅವೇ, ಹಸಿರು, ಹಳದಿ, ಕೆಂಪು. ಕುಷ್ಟನ ಹಲಗೆಯನ್ನು ನೀರಿನ ತೊಟ್ಟಿಗೆ ಮುಚ್ಚಳ ಮಾಡಿದರು. ಗಿರಿಜಾ ಮೂವತ್ತೊಂದನೇ ನಂಬರು ಆದಳು.

ಒಂದು ವ್ಯತ್ಯಾಸವಿತ್ತು. ಕುಷ್ಟನ ಬೋರ್ಡು ಸಂಜೆ ಕೊಟ್ಟದ್ದನ್ನು ಮಾತ್ರ ನೋಡುತ್ತಿತ್ತು. ಹೊಸ ಕಾಂಟಾ ತಗೊಂಡು ಹೋದದ್ದನ್ನೂ ತೂಗುತ್ತಿತ್ತು.

ಮೊದಲ ತಿಂಗಳು ಮುಗಿದ ಮರುದಿನ ಶೆಟ್ಟರು ಅವನನ್ನು ಆಫೀಸಿಗೆ ಕರೆಸಿದರು. ಅನಿಷಾ ಅಲ್ಲಿ ಕುಳಿತಿದ್ದಳು. ಟೀವಿಯ ಮೇಲೆ ಮೂವತ್ತೊಂದರ ಎದುರು ನೂರಕ್ಕೆ ನೂರ ನಲವತ್ತು ಎಂದಿತ್ತು. ಬೇರೆ ಒಂದಷ್ಟು ಜನರ ಎದುರು ಎಂಬತ್ತು, ಎಂಬತ್ತೆರಡು.

"ಇವ್ರ್ ದಿನಾ ಐದ್ ಕಿಲೋ ತಕಂಡ್ ಹೋಯಿ ಏಳ್ ಕಿಲೋ ವಾಪಸ್ ಕೊಡ್ತ್ರ್" ಎಂದಳು ಅನಿಷಾ. "ಅದ್ ಹ್ಯಾಂಗ್ ಆತ್ತ್, ಕುಷ್ಟಣ್ಣ? ಕಾಂಟಾ ಸಮ ಇಲ್ಲ್ಯಾ?"

ಅವಳು ಕೇಳಿದ ಧಾಟಿಯಲ್ಲೇ ಒಂದು ಬಾಗಿಲು ತೆರೆದಿತ್ತು. ತನ್ನ ಯಂತ್ರದ ಮೇಲೆ ತಪ್ಪು ಬಂದರೂ ಬರಲಿ ಎನ್ನುವ ಹಾಗಿತ್ತು ಅವಳ ಮುಖ. ಕುಷ್ಟ ಬಾಯಿ ತೆರೆಯುವುದರೊಳಗೆ ಶೆಟ್ಟರು ಲೋಟ ಎತ್ತಿಕೊಂಡು, ಯಂತ್ರ ಸರಿಯಾಗಿಯೇ ಇದೆ, ಸರಿ ಇಲ್ಲದಿದ್ದದ್ದು ಮೊದಲಿನ ಬೋರ್ಡು ಎಂದು ನಕ್ಕರು. ಆಮೇಲೆ ಆ ಮಾತು ಆಡಿದರು. ಐದನೇ ಕ್ಲಾಸು, ಬಳೆ, ಹದಿನಾಲ್ಕು ವರ್ಷ, ಸುಳ್ಳು.

ಕುಷ್ಟನ ತಲೆಗೆ ಬೆಂಕಿ ಹತ್ತಿತು.

"ನನ್ನ್ ಬೋರ್ಡ್ ಒಂದ್ ಗ್ರಾಂ ಸುಳ್ ಹೇಳ್ಲಿಲ್ಲೆ, ಶೆಟ್ರೆ. ಅದ್ ಮುಯ್ಯಿ. ಗಿರಿಜಕ್ಕಂಗೆ ಕಣ್ ಕಾಣ್ತಿಲ್ಲೆ. ಉಳ್ದವ್ರ್ ಒಂದೊಂದ್ ಬೊಗ್ಸಿ ಹಾಕ್ತ್ರ್. ಅವ್ಳ್ ಹಿಂದೆ ಅವ್ರಿಗ್ ಹಾಕಿದ್ಲ್. ನಿಮ್ಗ್ ಒಂದ್ ಬೀಜ ಕಮ್ಮಿ ಆಯಿತಾ? ಬೇಕಾರೆ ಹದ್ನಾಕ್ ವರ್ಷದ್ ಪುಸ್ತಕ ತೆಗೀರಿ, ಒಟ್ಟ್ ತೂಕ ಕಾಣಿ."

ಶೆಟ್ಟರು ಸಿಟ್ಟಾಗಲಿಲ್ಲ. ನಮ್ಮ ಹೆಂಗಸರು ಒಳ್ಳೆಯವರು ಮಾರಾಯ ಎಂದು ತಲೆದೂಗಿದರು. ನಿನ್ನ ಬೋರ್ಡು ಸುಳ್ಳಲ್ಲ ಎಂದೂ ಒಪ್ಪಿದರು. ಅದೇ ಉಸಿರಿನಲ್ಲಿ ಅನಿಷಾಳ ಕಡೆ ತಿರುಗಿ, ನಾಳೆಯಿಂದ ಗಂಟೆಗೊಂದು ತೂಕ, ತೂಗಿದ ಟ್ರೇ ಮತ್ತೆ ಶೆಡ್ಡಿಗೆ ಹೋಗಬಾರದು ಎಂದರು. ಅನಿಷಾ ಬರೆದುಕೊಳ್ಳಲಿಲ್ಲ. ಕುಷ್ಟನನ್ನೇ ನೋಡುತ್ತಿದ್ದಳು.

ಕೇಳಿದವರಿಗೆಲ್ಲ ಕುಷ್ಟ ಒಂದೇ ಉತ್ತರ ಕೊಡುತ್ತಾನೆ. ಎಂಬತ್ತು ಬಂದ ಹೆಂಗಸರನ್ನು ಕಳ್ಳಿಯರು ಎನ್ನುತ್ತಿದ್ದರು, ಅದಕ್ಕೆ ಹೇಳಿದೆ ಎಂದು. ಅದೂ ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಹೆಂಗಸರು ಯಾರೂ ಇರಲಿಲ್ಲ, ಹಲಗೆಯೊಂದೇ ಇತ್ತು. ಇದು ಅವನಿಗೆ ಗೊತ್ತು, ಚಂದ್ರಮತಿಗೂ ಗೊತ್ತು.

ಮರುದಿನದಿಂದ ಗಂಟೆಗೊಂದು ತೂಕ. ಟ್ರೇ ತುಂಬುವ ಮೊದಲೇ ಎದ್ದು ಸಾಲಿನಲ್ಲಿ ನಿಲ್ಲಬೇಕು. ಒಬ್ಬರ ಟ್ರೇಗೆ ಒಬ್ಬರು ಹಾಕಲು ಹೊತ್ತೂ ಇಲ್ಲ, ಮರೆಯೂ ಇಲ್ಲ. ಕುಷ್ಟ ಮೂರೂ ಮುಕ್ಕಾಲಿಗೆ ಚಾಕ್ಕೆ ಹೋಗುವುದನ್ನು ನಿಲ್ಲಿಸಿದ.

ಮೂವತ್ತೊಂದು ಕೆಂಪಾಯಿತು. ಗೋಡೆಯ ಟೀವಿ ಗಿರಿಜಾಳಿಗೆ ಬರೀ ಬೆಳಕಿನ ಮುದ್ದೆಯ ಹಾಗೆ ಕಾಣುತ್ತಿತ್ತು. ಪ್ರತಿ ತೂಕದ ನಂತರ ಅವಳು ಚಂದ್ರಮತಿಯ ಮೊಣಕೈ ಮುಟ್ಟಿ ಕೇಳುತ್ತಿದ್ದಳು.

"ನಂದ್ ಎಂತ ಬಣ್ಣ ಹೆಣೆ?"

"ಹಸ್ರ್, ಗಿರಿಜಕ್ಕ."

ಇಡೀ ಶೆಡ್ಡು ಅದನ್ನು ಕೇಳುತ್ತಿತ್ತು. ದಿನಕ್ಕೆ ಏಳು ಸಲ. ಕುಷ್ಟ ಕಾಂಟಾದ ಹತ್ತಿರ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅವನಿಗೀಗ ಕೆಲಸವೆಂದರೆ ಟ್ರೇ ಇಟ್ಟಾಗ ಒಂದು ಗುಂಡಿ ಒತ್ತುವುದು.

ಹದಿನೈದು ದಿನ ಕಳೆದ ಮೇಲೆ ಒಂದು ಭಾನುವಾರ ಅವನು ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದ. ಅನಿಷಾಳ ಮನೆ ಹುಡುಕಲು ಒಂದು ಗಂಟೆ ಹಿಡಿಯಿತು. ಅವಳ ತಾಯಿ ಎಳನೀರು ಕೊಟ್ಟರು, ಅವನು ಮುಟ್ಟಲಿಲ್ಲ. ಮೂವತ್ತೊಂದರ ಬಣ್ಣವನ್ನು ಒಳಗಿನಿಂದ ಬದಲಿಸಲು ಬರುತ್ತದೋ ಎಂದು ಕೇಳಿದ. ಬದಲಿಸಬಹುದು, ಆದರೆ ಯಾರು, ಎಷ್ಟು ಹೊತ್ತಿಗೆ ಬದಲಿಸಿದರು ಎನ್ನುವುದು ಅದರಲ್ಲೇ ಉಳಿಯುತ್ತದೆ, ಗಿರಾಕಿಯ ಕಡೆಯವರು ಅದನ್ನೇ ಮೊದಲು ನೋಡುವುದು ಎಂದಳು ಅವಳು. ಶೆಟ್ಟರಿಗೆ ಎರಡು ಸಲ ಹೇಳಿದ್ದೇನೆ ಎಂದಳು. ಕಣ್ಣು ಕಾಣದವರಿಗೆ ಬೇರೆ ಕೆಲಸ ಕೊಡಿ, ಡಬ್ಬಿಗೆ ಚೀಟಿ ಅಂಟಿಸುವುದಾದರೂ ಆಗಲಿ ಎಂದು. ನೋಡುವ ಎಂದರಂತೆ.

ಅವನು ಎದ್ದು ಮೆಟ್ಟಿಲಿಳಿಯುವಾಗ ಅವಳು ಹಿಂದಿನಿಂದ ಬಂದಳು. ಕಣ್ಣು ತುಂಬಿತ್ತು.

"ಕಾಂಟಾ ಹಾಳಾಯಿತ್ ಅಂದಿದ್ರೆ ಸಾಕಿತ್ತಲ್ದಾ, ಕುಷ್ಟಣ್ಣ. ನಾನ್ ಹಾಂಗೇ ಬರಿತಿದ್ದೆ. ಅದ್ಕೇ ಕೇಳಿದ್ದ್ ನಾನ್."

ಕುಷ್ಟ ಬಸ್ಸಿನಲ್ಲಿ ಕೋಟದತನಕ ಸೀಟು ಖಾಲಿಯಿದ್ದರೂ ನಿಂತೇ ಬಂದ.

ತಿಂಗಳ ಕೊನೆಯ ಶನಿವಾರ, ಕೆಂಪು ನಿಂತು ಜಾಗ ಹೋದ ಮೂವರ ನಂಬರಿನ ಚೀಟಿ ಬಂತು. ಚೀಟಿ ಓದುವ ಕೆಲಸವನ್ನು ಕುಷ್ಟನಿಗೇ ಕೊಟ್ಟಿದ್ದರು. ಸಿಟ್ಟಿನ ಮನುಷ್ಯ ಅಂದು ಸಿಟ್ಟಾಗಬೇಕಿತ್ತು. ಟೀವಿಗೆ ಕಲ್ಲು ಎತ್ತುತ್ತಾನೆ, ಕೆಲಸ ಬಿಟ್ಟು ಹೊರಗೆ ನಡೆಯುತ್ತಾನೆ ಎಂದು ಶೆಡ್ಡಿನವರು ಅಂದುಕೊಂಡಿದ್ದರು. ಅವನು ನಂಬರು ಓದಿದ. ಅವನ ಹಿಂದೆ ಮಗಳ ಶಾಲೆಯಿತ್ತು, ಹೆಂಡತಿಯ ಜಾಗವಿತ್ತು. ಮೂವತ್ತೊಂದು ಎನ್ನುವಾಗ ಕೆಮ್ಮು ಬಂತು.

ಗಿರಿಜಾ ತನ್ನ ಚೂರಿ ಒರೆಸಿ ಸೆರಗಿಗೆ ಕಟ್ಟಿಕೊಂಡಳು. ಚಂದ್ರಮತಿ ಅವಳ ಕೈ ಹಿಡಿದು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

"ನಂಗೊತ್ತಿತ್ತ್ ಮಾರಾಯ್ತಿ" ಎಂದಳು ಗಿರಿಜಾ. "ಕೆಂಪ್ ಅಂತ ನಿನ್ನ್ ಸ್ವರದಲ್ಲೇ ಗೊತ್ತಾತಿತ್ತ್. ನೀನ್ ಹಸ್ರ್ ಅಂಬುದ್ ಕೇಂಬುಕ್ ಒಂದ್ ಖುಷಿ ಅಷ್ಟೇ."

ಕುಷ್ಟನ ಮುಂದೆ ಹಾದುಹೋಗುವಾಗ ಅವಳು ನಿಲ್ಲಲೂ ಇಲ್ಲ, ಏನೂ ಅನ್ನಲೂ ಇಲ್ಲ. ಅನ್ನಬೇಕಿತ್ತು ಎಂದು ಅವನಿಗೆ ಈಗಲೂ ಅನಿಸುತ್ತದೆ.

ಮುಂದಿನ ಮಳೆಗಾಲಕ್ಕೆ ಮೊದಲು ಅವನು ಗಿರಿಜಾಳ ಮನೆಗೆ ಹೋದ. ಹೊಳೆಯ ಹತ್ತಿರ ಎರಡು ಕೋಣೆಯ ಮನೆ. ಮಾಡಿನ ಹೆಂಚು ಕೈಯಾಡಿಸಿ ಸರಿಮಾಡುತ್ತೇನೆ, ಕಟ್ಟಿಗೆ ಒಡೆದು ಕೊಡುತ್ತೇನೆ, ಚಂದ್ರಮತಿಯ ಮುಯ್ಯಿ ನನ್ನ ಮೇಲೂ ಇದೆ ಎಂದ. ಅವಳು ಜಗಲಿಯಲ್ಲಿ ಕುಳಿತು ಅವನ ದನಿಯ ಕಡೆಗೆ ಮುಖ ಮಾಡಿ ಕೇಳಿದಳು. ಬೇಡವೆನ್ನುವಾಗ ಅವಳ ಮಾತಿನಲ್ಲಿ ಬಿರುಸಿರಲಿಲ್ಲ.

"ಮುಯ್ಯಿ ಅಂದ್ರೆ ಕೆಲ್ಸಕ್ಕೆ ಕೆಲ್ಸ, ಕುಷ್ಟ. ನಂಗೀಗ ಕೆಲ್ಸ್ವೇ ಇಲ್ಲೆ. ನೀನ್ ಎಲ್ಲಿ ತೀರ್ಸ್ತೆ?"

ಅವನು ಹೆಂಚಿನ ಮನೆಯನ್ನು ಒಮ್ಮೆ ತಲೆ ಎತ್ತಿ ನೋಡಿದ. ಎರಡು ಹೆಂಚು ಜಾರಿದ್ದವು. ಹಾಗೇ ಬಿಟ್ಟು ಬಂದ.

ಆ ವರ್ಷವೇ ಗಿರಿಜಾಳ ತಂಗಿ ಸೀತು ಬಂದು ಅವಳನ್ನು ಶಿರೂರಿಗೆ ಕರೆದುಕೊಂಡು ಹೋದಳು. ಚಂದ್ರಮತಿ ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದಳು. ಕುಷ್ಟ ಹೋಗುತ್ತೇನೆ ಎನ್ನುತ್ತಿದ್ದ, ಬಸ್‌ಸ್ಟಾಪಿನತನಕ ಹೋಗುತ್ತಿದ್ದ. ಈಗ ಕಣ್ಣು ಪೂರ್ತಿ ಹೋಯಿತು, ಆದರೂ ತಂಗಿಯ ಮನೆಯಲ್ಲಿ ಸೀಗಡಿ ಸುಲಿದು ಕೊಡುತ್ತಾಳೆ ಎಂದು ಚಂದ್ರಮತಿ ಬಂದು ಹೇಳಿದಳು. ೨೦೧೪ರ ನವೆಂಬರಿನಲ್ಲಿ ಗಿರಿಜಾ ತೀರಿಹೋದ ಸುದ್ದಿ ಬಂತು. ಮಣ್ಣಿಗೆ ಹೋಗಲು ಆಗಲಿಲ್ಲ, ತಿಳಿದದ್ದೇ ಮೂರು ದಿನ ಕಳೆದು.

ಬೊಜ್ಜದ ದಿನ, ಎಂದರೆ ಹದಿಮೂರನೇ ದಿನದ ಕಾರ್ಯಕ್ಕೆ, ಗಂಡ ಹೆಂಡತಿ ಇಬ್ಬರೂ ಮೊದಲ ಬಸ್ಸಿಗೆ ಶಿರೂರಿಗೆ ಹೋದರು. ಚಂದ್ರಮತಿ ಹೋದವಳೇ ಹೆಂಗಸರ ಜೊತೆ ತರಕಾರಿಗೆ ಕುಳಿತಳು. ಕುಷ್ಟ ಯಾರನ್ನೂ ಮಾತಾಡಿಸದೆ ಅಂಗಿ ಬಿಚ್ಚಿ ಅಂಗಳದ ದಂಡೆಗೆ ಹಾಕಿ ಬಾವಿಯ ಹತ್ತಿರ ನಿಂತ. ಅಡುಗೆಗೆ ನೀರು, ಕೈತೊಳೆಯಲಿಕ್ಕೆ ನೀರು, ಪಾತ್ರೆಗೆ ನೀರು. ಬೆಳಿಗ್ಗೆ ಎಂಟರಿಂದ ಸೇದಿ ಹೊತ್ತ. ಯಾರೋ ಸಹಾಯಕ್ಕೆ ಬಂದರೆ ಗದರಿಸಿ ಕಳಿಸಿದ. ಹಗ್ಗ ಉಜ್ಜಿ ಅಂಗೈ ಕಿತ್ತುಬಂತು. ಎಡೆ ಇಟ್ಟಾಯಿತು, ಊಟದ ಪಂಕ್ತಿ ಕುಳಿತೆದ್ದಿತು. ಅವನು ನಿಲ್ಲಿಸಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಸೀತು ಬಾವಿಯ ಹತ್ತಿರ ಬಂದಳು. ಅವಳಿಗೆ ಅವನ ಗುರುತಿರಲಿಲ್ಲ.

"ಹ್ವಾಯ್, ಸಾಕ್ ಬಿಡಿ. ಊಟಕ್ಕೆ ಕೂಕಣಿ. ನೀವ್ ಯಾರಾತ್?"

ಕುಷ್ಟ ಹಗ್ಗ ಹಿಡಿದುಕೊಂಡೇ ತಾನು ಬೀಜದ ಫ್ಯಾಕ್ಟರಿಯವನು ಎಂದ. ಆಮೇಲೆ, "ಗಿರಿಜಕ್ಕಂಗೆ ಮುಯ್ಯಿ ಕೊಡುಕಿತ್ತ್" ಎಂದ.

ಸೀತು ಅವನ ಕೈಯನ್ನು ನೋಡಿದಳು. ಅಕ್ಕ ಯಾವತ್ತಾದರೂ ಏನಾದರೂ ಹೇಳಿದ್ದಳೋ ಇಲ್ಲವೋ, ಅವಳ ಮುಖದಲ್ಲಿ ಏನೂ ತಿಳಿಯಲಿಲ್ಲ. ಮಾತನ್ನು ಮಾತ್ರ ಮೆಲ್ಲಗೆ ಆಡಿದಳು.

"ಬೊಜ್ಜದ ಮನಿ ಕೆಲ್ಸ ಮುಯ್ಯಿಗೆ ಸೇರ್ತಿಲ್ಲೆ. ಅದ್ ಎಲ್ಲರೂ ಮಾಡುದೇ."

ಅದು ಅವನಿಗೂ ಗೊತ್ತಿದ್ದದ್ದೇ. ಈ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದದ್ದು. ಸಾವಿನ ಮನೆಯಲ್ಲಿ ಹೊತ್ತ ನೀರನ್ನು ಯಾರೂ ಯಾರ ಲೆಕ್ಕಕ್ಕೂ ಹಿಡಿಯುವುದಿಲ್ಲ. ಚಂದ್ರಮತಿ ಅಂಗಳದಿಂದ ಅವನ ಅಂಗಿ ತಂದು ಪಕ್ಕದಲ್ಲಿ ನಿಂತಳು, ಕೊಡಲಿಲ್ಲ. ಕುಷ್ಟ ಬಾವಿಗೆ ಇಳಿಬಿಟ್ಟಿದ್ದ ಕೊಡ ಅರ್ಧದಲ್ಲಿತ್ತು. ಅದನ್ನು ಮೇಲಕ್ಕೆ ಎಳೆದ.